ಹದಿನಾಲ್ಕರಲ್ಲಿ ಒಂದು ಪಾಲು

ಬೇಡ ಅಕ್ಕಾ, ಧಾರೆಹುಳಿ ಮಾತ್ರ ಮೇಷ್ಟ್ರ ಮನೆಗೆ ಬೇಡ. ನೀವು ಪ್ರೀತಿಯಿಂದ ಕೊಯ್ದು ಕೊಡ್ತಿದ್ದೀರಿ, ಗೊತ್ತು. ಈ ಮರದ ಹಣ್ಣಿನ ಗೊಜ್ಜು ಅಂದರೆ ನಮ್ಮ ಗಣಿತದ ಮೇಷ್ಟ್ರಿಗೆ ಎಷ್ಟು ಇಷ್ಟ ಅನ್ನೋದೂ ಗೊತ್ತು. ಸ್ಟಾಫ್ ರೂಮಿನಲ್ಲಿ ನನ್ನ ಡಬ್ಬಿ ಬಿಚ್ಚಿದ ಕೂಡಲೇ ಮೊದಲು ಕೈ ಹಾಕ್ತಿದ್ದವರೇ ಅವರು. ಆದರೆ ಕಿಡ್ನಿ ಕೆಟ್ಟವರಿಗೆ ಧಾರೆಹುಳಿ ವಿಷವೇ ಸೈ. ಅದರಲ್ಲಿ ನರಮಂಡಲಕ್ಕೆ ತಾಗೋ ಒಂದು ಅಂಶ ಇದೆ. ನಮ್ಮ ನಿಮ್ಮ ಕಿಡ್ನಿ ಅದನ್ನ ಸದ್ದಿಲ್ಲದೆ ಹೊರಗೆ ಹಾಕಿಬಿಡುತ್ತೆ. ಅವರಲ್ಲಾದರೆ ಅದು ರಕ್ತದಲ್ಲೇ ಉಳಿದು ಮೆದುಳಿಗೆ ಏರುತ್ತೆ. ಮೊದಲು ನಿಲ್ಲದ ಬಿಕ್ಕಳಿಕೆ, ಆಮೇಲೆ ಮಾತು ತಪ್ಪೋದು, ಫಿಟ್ಸ್. ಜೀವ ಹೋಗಿದ್ದೂ ಉಂಟು. ಸಿಹಿ ಜಾತಿಯ ಹಣ್ಣಾದರೂ ಅಷ್ಟೇ. ಎಳನೀರು, ಬಾಳೆಹಣ್ಣು ಕೂಡ ಬೇಡ. ಅವೆರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ಹದ ತಪ್ಪುತ್ತೆ. ಕಾಯಿಲೆ ಬಿದ್ದವರನ್ನ ನೋಡೋಕೆ ಹೊರಟರೆ ನಮ್ಮ ಕಡೆ ಜನ ಕೈಯಲ್ಲಿ ಹಿಡಿಯೋದು ಅವೆರಡನ್ನೇ. ಹಾಗಾಗಿ ಅವರ ಮನೆಯ ಜಗುಲಿ ಮೇಲೆ ಬಾಳೆಗೊನೆ ಬಿದ್ದಿರುತ್ತೆ, ಅವರ ಹೆಂಡತಿ ಅದನ್ನ ಅಕ್ಕಪಕ್ಕದ ಮಕ್ಕಳಿಗೆ ಹಂಚ್ತಿರ್ತಾರೆ.

ಏನಾದರೂ ಕೊಡಲೇಬೇಕು ಅಂತಿದ್ದರೆ ನಿಮ್ಮ ಮೊಮ್ಮಗನನ್ನ ಕಳಿಸಿ. ಗಣಿತದ ಪುಸ್ತಕ ಹಿಡಿದುಕೊಂಡು ಬರಲಿ. ಸುಮ್ಮನೆ ಹೇಳ್ತಿಲ್ಲ, ಅದಕ್ಕಿಂತ ಅವರಿಗೆ ಇಷ್ಟವಾದ್ದು ಇನ್ನೊಂದಿಲ್ಲ.

ಹೇಗಿದ್ದಾರೆ ಅಂದ್ರಾ? ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೀತಿದೆ. ಮಂಗಳವಾರ, ಗುರುವಾರ, ಶನಿವಾರ, ಮಧ್ಯಾಹ್ನ ಮೂರರಿಂದ ಸಂಜೆ ಏಳರ ತನಕ. ಆಸ್ಪತ್ರೆಯವರು ಬೆಳಗಿನ ಪಾಳಿ ಕೊಡ್ತೀವಿ ಅಂದಿದ್ದರು, ಮನೆಗೆ ಬೇಗ ಬಂದು ಮಲಗಬಹುದು ಅಂತ. ಇವರೇ ಕೊನೆಯ ಪಾಳಿ ಕೇಳಿ ಪಡೆದರು, ಶಾಲೆ ತಪ್ಪಬಾರದಲ್ಲ. ಹೆಡ್‌ಮಾಸ್ಟರು ಟೈಮ್ ಟೇಬಲ್ ತಿದ್ದಿ ಅವರ ಕ್ಲಾಸುಗಳನ್ನೆಲ್ಲ ಊಟದ ಬೆಲ್ಲಿಗೆ ಮೊದಲು ಹಾಕಿದ್ದಾರೆ. ಊಟ ಆದ ಮೇಲಿನ ಅವರ ಪೀರಿಯಡ್ ನನಗೆ, ನನ್ನ ಬೆಳಗಿನ ಒಂದು ಅವರಿಗೆ. ಶನಿವಾರ ಹೇಗೂ ಬೆಳಗಿನ ಶಾಲೆ.

ಊರಲ್ಲಿ ಎಲ್ಲರೂ ಒಂದೇ ಮಾತು ಆಡ್ತಾರೆ: ಮೇಷ್ಟ್ರದು ಏನು ಧೈರ್ಯ, ಇಂಥ ಕಾಯಿಲೆ ಬಂದರೂ ಹೇಗಿದ್ದಾರೆ ನೋಡಿ ಅಂತ. ಪ್ರೀತಿಯಿಂದ ಆಡೋ ಮಾತೇ. ಆದರೂ ಅಕ್ಕಾ, ಅದು ಕಿವಿಗೆ ಬಿದ್ದಾಗೆಲ್ಲ ನನಗೆ ಕಸಿವಿಸಿ ಆಗುತ್ತೆ. ಆ ಮಾತಿನೊಳಗೆ ಕಾಯಿಲೆ ಬಂದ ಮೇಲೆ ಅವರು ದೊಡ್ಡ ಮನುಷ್ಯರಾದರು ಅನ್ನೋ ಧ್ವನಿ ಇದೆ. ಕಾಯಿಲೆಗೆ ಆ ಹೆಗ್ಗಳಿಕೆ ಕೊಡೋಕೆ ನನಗೆ ಸುತರಾಂ ಮನಸ್ಸಿಲ್ಲ. ನಾವಿಬ್ಬರೂ ಒಂದೇ ಸ್ಟಾಫ್ ರೂಮಿನಲ್ಲಿ, ಒಂದೇ ಉದ್ದನೆ ಮೇಜಿನ ಆಚೆ ಈಚೆ ಕೂತು ತಲೆ ನರೆಸಿಕೊಂಡವರು. ಈಗ ಊರು ನೋಡಿ ಬೆರಗಾಗ್ತಿರೋ ಗುಣವನ್ನ ನಾನು ಆ ಮೇಜಿನ ಮೇಲೆ ದಿನಾ ನೋಡಿದ್ದೀನಿ. ಆಗ ಯಾರೂ ಅದಕ್ಕೆ ಧೈರ್ಯ ಅನ್ನಲಿಲ್ಲ, ಹೆಸರೇ ಇಡಲಿಲ್ಲ.

ಯಾವ ಗುಣ ಅಂತೀರಾ? ಅವರ ಹತ್ತಿರ ಒಂದು ಉದ್ದ ಲೆಡ್ಜರ್ ಪುಸ್ತಕ ಇರ್ತಿತ್ತು. ವರ್ಷಕ್ಕೊಂದು. ಅದರಲ್ಲಿ ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಪುಟ. ನಾವೆಲ್ಲ ಅಂಕ ಬರೆದಿಟ್ಟುಕೊಳ್ತೀವಿ. ಅವರು ಬರೀತಿದ್ದದ್ದು ತಪ್ಪನ್ನ. ಈ ಹುಡುಗಿ ಭಿನ್ನರಾಶಿ ಕೂಡುವಾಗ ಛೇದಗಳನ್ನೂ ಕೂಡಿಬಿಡ್ತಾಳೆ. ಈ ಹುಡುಗ ಲೆಕ್ಕ ಸರಿಯಾಗಿ ಮಾಡಿ ಕೊನೆಗೆ ಮಾನ ಬರೆಯೋದು ಮರೀತಾನೆ. ಇವನಿಗೆ ಆವರಣದ ಹೊರಗೆ ಮೈನಸ್ ಇದ್ದರೆ ಒಳಗಿನ ಚಿಹ್ನೆ ಬದಲಾಗುತ್ತೆ ಅನ್ನೋದು ತಲೆಗೆ ಹೋಗಿಲ್ಲ. ಹೀಗೆ. ಒಂದು ತಪ್ಪು ಹೋಯ್ತು ಅಂತ ಖಾತ್ರಿಯಾದರೆ ಅದರ ಮೇಲೆ ಗೆರೆ ಎಳೆದು ತಾರೀಖು ಹಾಕ್ತಿದ್ದರು. ಬೈದಿದ್ದು ನಾನು ನೋಡಿಲ್ಲ. ತಪ್ಪನ್ನ ಎತ್ತಿಕೊಂಡು, ತಿರುಗಿಸಿ ಮುರುಗಿಸಿ ನೋಡಿ, ಇದು ಎಲ್ಲಿಂದ ಬಂತು ಅಂತ ಹುಡುಕೋದು. "ದಡ್ಡ ಅಂತ ಯಾರೂ ಇಲ್ಲ ಪಂಡಿತ್ರೇ, ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಂಡಿರ್ತಾರೆ ಅಷ್ಟೆ" ಅನ್ನೋರು. ನಾನು ಕನ್ನಡ ಮೇಷ್ಟ್ರಾದ್ದರಿಂದ ಅವರಿಗೆ ನಾನು ಯಾವತ್ತೂ ಪಂಡಿತ್ರೇ.

ಕಾಯಿಲೆ ಬಂದಾಗ ಮಾಡಿದ್ದೂ ಅದನ್ನೇ. ಬಿಪಿ ಇತ್ತು, ವರ್ಷಗಟ್ಟಲೆ. ತಲೆನೋವಿಲ್ಲ ತಲೆಸುತ್ತಿಲ್ಲ ಅಂತ ಮಾತ್ರೆ ಒಂದು ದಿನ ಉಂಟು, ಒಂದು ದಿನ ಇಲ್ಲ. ಕಿಡ್ನಿಯ ಸ್ವಭಾವ ಏನು ಗೊತ್ತಾ? ಒಂದೊಂದು ಸುಮಾರು 150 ಗ್ರಾಂ ತೂಗುತ್ತೆ. ಒಂದೊಂದರಲ್ಲಿ ಹತ್ತು ಲಕ್ಷದಷ್ಟು ಸೋಸೋ ಘಟಕಗಳು. ಎರಡೂ ಸೇರಿ ದಿನಕ್ಕೆ 180 ಲೀಟರಿನಷ್ಟು ಸೋಸಿ, ಬೇಕಾದ್ದನ್ನೆಲ್ಲ ವಾಪಸ್ ಕೊಟ್ಟು, ಒಂದೂವರೆ ಲೀಟರಿನಷ್ಟನ್ನ ಹೊರಗೆ ಹಾಕುತ್ತವೆ. ಅರ್ಧಕ್ಕಿಂತ ಹೆಚ್ಚು ಘಟಕಗಳು ಸತ್ತರೂ ಉಳಿದವು ಆ ಕೆಲಸ ಹೊತ್ತುಕೊಂಡು ಹೋಗ್ತಾವೆ, ಮನುಷ್ಯನಿಗೆ ಗೊತ್ತೇ ಆಗಲ್ಲ. ಮೇಷ್ಟ್ರಿಗೆ ಗೊತ್ತಾಗಿದ್ದು ಚಪ್ಪಲಿಯ ಪಟ್ಟಿ ಕಾಲಿಗೆ ಅಚ್ಚು ಒತ್ತೋಕೆ ಶುರುವಾದ ಮೇಲೆ. ಪಾದ ಬಾತಿತ್ತು. ರಕ್ತಪರೀಕ್ಷೆ ಮಾಡಿಸಿದರೆ ಕ್ರಿಯಾಟಿನಿನ್ ಒಂದರ ಆಸುಪಾಸು ಇರಬೇಕಾದ್ದು ನಾಲ್ಕು ದಾಟಿತ್ತು.

ಶಿವಮೊಗ್ಗದ ಕಿಡ್ನಿ ಡಾಕ್ಟರು ಇವರು ಗಣಿತದ ಮೇಷ್ಟ್ರು ಅಂತ ತಿಳಿದು ಒಂದು ವಿಷಯ ಹೇಳಿಕೊಟ್ಟರಂತೆ. ಕ್ರಿಯಾಟಿನಿನ್ ಎರಡಿದ್ದರೆ ಒಂದನ್ನ ಎರಡರಿಂದ ಭಾಗಿಸಿ, 0.5. ನಾಲ್ಕಿದ್ದರೆ 0.25. ಎಂಟಾದರೆ 0.125. ಹೀಗೆ ಬಂದ ಸಂಖ್ಯೆಯನ್ನ ತಿಂಗಳುಗಳ ಎದುರು ನಕ್ಷೆ ಹಾಳೆ ಮೇಲೆ ಗುರುತು ಮಾಡ್ತಾ ಹೋದರೆ ಬಹಳ ಜನರಲ್ಲಿ ಹೆಚ್ಚುಕಡಿಮೆ ಒಂದು ಸರಳರೇಖೆ ಬರುತ್ತೆ. ಆ ರೇಖೆಯನ್ನ ಮುಂದಕ್ಕೆ ಎಳೆದರೆ ಡಯಾಲಿಸಿಸ್ ಯಾವಾಗ ಬೇಕಾಗಬಹುದು ಅನ್ನೋ ಅಂದಾಜು ಸಿಗುತ್ತೆ. ಮಾರನೇ ದಿನ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಕೊಡೋ ಅದೇ ನಕ್ಷೆ ಹಾಳೆ ತೆಗೆದರು. ಮೊದಲ ಬಿಂದು ಇಟ್ಟರು. ಮುಂದಿನ ತಿಂಗಳು ಎರಡನೆಯದು. ವರ್ಷದ ಹತ್ತಿರ ಹೀಗೆ ನಡೀತು. ಉಪ್ಪು ಬಿಟ್ಟರು, ಬಿಪಿ ಮಾತ್ರೆ ಗಡಿಯಾರ ನೋಡಿ ತಗೊಂಡರು. ರೇಖೆ ಇಳಿಯೋದು ಸ್ವಲ್ಪ ನಿಧಾನವಾಯ್ತು, "ನೋಡಿ, ಇಳಿಜಾರು ಕಮ್ಮಿ ಆಗಿದೆ" ಅಂತ ತೋರಿಸಿದರು. ಆದರೂ ಇಳೀತಾನೇ ಇತ್ತು. ಫೆಬ್ರವರಿಯಲ್ಲಿ ಒಂದು ದಿನ ಸ್ಕೇಲ್ ಇಟ್ಟು ರೇಖೆ ಮುಂದಕ್ಕೆ ಎಳೆದರು. ಅದು ಹೋಗಿ ಜುಲೈಗೆ ಮುಟ್ಟಿತು. ನಾನು ಎದುರಿಗೇ ಕೂತಿದ್ದೆ ಅಕ್ಕಾ. ಪೆನ್ಸಿಲ್ ಎಲ್ಲೂ ನಡುಗಲಿಲ್ಲ. ರೇಖೆ ಎಳೆದು, ಜುಲೈ ಅಂತ ಬರೆದು, ಹಾಳೆಯನ್ನ ನನ್ನ ಕಡೆ ತಿರುಗಿಸಿದರು. "ಪರೀಕ್ಷೆ ಮುಗಿದಿರುತ್ತೆ. ಬೇಸಿಗೆ ರಜೆಯಲ್ಲಿ ಕೈ ಆಪರೇಷನ್ ಮಾಡಿಸಿಕೊಂಡರೆ ಹೊತ್ತಿಗೆ ಸರಿಯಾಗಿ ತಯಾರಾಗುತ್ತೆ" ಅಂದರು.

ಮಕ್ಕಳಿಗೆ ಸರಳರೇಖೆ ಕಲಿಸುವಾಗ ಅವರು ಹೇಳೋ ಒಂದು ಮಾತಿದೆ: ಬಿಂದು ಎಲ್ಲಿ ಬೀಳುತ್ತೋ ಅಲ್ಲೇ ಇಡು, ಗೆರೆ ಚೆಂದ ಬರಲಿ ಅಂತ ಬಿಂದು ಸರಿಸಬೇಡ. ಆ ನಿಯಮ ಸ್ವಂತ ದೇಹದ ವಿಷಯಕ್ಕೂ ಅನ್ವಯಿಸೋ ಜನ ಎಷ್ಟಿದ್ದಾರೆ ಹೇಳಿ. ನಾನು ಅವರನ್ನ ಮೆಚ್ಚೋದು ಅದಕ್ಕೆ. ಜುಲೈ ಅಂತ ಮೊದಲೇ ಗೊತ್ತಿದ್ದರಿಂದ ಬಹಳ ಜನ ಪಡೋ ಒಂದು ಪಾಡು ಅವರಿಗೆ ತಪ್ಪಿತು. ತಯಾರಿ ಇಲ್ಲದವರು ಉಸಿರು ಕಟ್ಟಿ ರಾತ್ರೋರಾತ್ರಿ ಆಸ್ಪತ್ರೆ ಸೇರ್ತಾರೆ, ಕುತ್ತಿಗೆಗೆ ನಳಿಗೆ ಹಾಕಿಸಿಕೊಳ್ತಾರೆ, ಅದಕ್ಕೆ ಸೋಂಕು ತಗಲುತ್ತೆ. ಇವರು ಮೇ ತಿಂಗಳಲ್ಲೇ ಫಿಸ್ಟುಲಾ ಮಾಡಿಸಿಕೊಂಡಿದ್ದರು. ಮಣಿಕಟ್ಟಿನ ಹತ್ತಿರ ಅಪಧಮನಿಯನ್ನ ಪಕ್ಕದ ಅಭಿಧಮನಿಗೆ ಜೋಡಿಸ್ತಾರೆ. ರಕ್ತ ರಭಸದಿಂದ ನುಗ್ಗಿ ಆ ರಕ್ತನಾಳ ತಿಂಗಳೆರಡು ತಿಂಗಳಲ್ಲಿ ದಪ್ಪಗಾಗುತ್ತೆ, ಗೋಡೆ ಗಟ್ಟಿಯಾಗುತ್ತೆ. ಆಮೇಲೆ ವಾರಕ್ಕೆ ಮೂರು ಸಲ ಎರಡೆರಡು ದಪ್ಪ ಸೂಜಿ ಚುಚ್ಚಿದರೂ ತಡೆಯುತ್ತೆ. ಸಾಮಾನ್ಯವಾಗಿ ಎಡಗೈಗೆ ಮಾಡ್ತಾರೆ, ಬಲಗೈ ಕೆಲಸಕ್ಕೆ ಬೇಕು ಅಂತ. ನಮ್ಮ ಮೇಷ್ಟ್ರು ಎಡಚರು. ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆಯೋರು. ಹಾಗಾಗಿ ಅವರಿಗೆ ಬಲಗೈಗೆ ಮಾಡಿದರು. ಜೂನ್ ತಿಂಗಳಿಡೀ ಆ ಕೈಯಲ್ಲಿ ಒಂದು ರಬ್ಬರ್ ಚೆಂಡು, ನಾಳ ಬೆಳೀಲಿ ಅಂತ ಅಮುಕ್ತಾ, ಇನ್ನೊಂದು ಕೈಯಲ್ಲಿ ಚಾಕ್‌ಪೀಸು. ಆ ಕೈಗೆ ಬಿಪಿ ಪಟ್ಟಿ ಸುತ್ತಬಾರದು, ಭಾರ ಎತ್ತಬಾರದು. ಪುಸ್ತಕದ ಕಟ್ಟು ಹೊರೋದಕ್ಕೆ ಹತ್ತನೇ ಕ್ಲಾಸಿನ ಹುಡುಗರು ಪಾಳಿ ಹಾಕಿಕೊಂಡಿದ್ದಾರೆ. ಫಿಸ್ಟುಲಾ ಮೇಲೆ ಬೆರಳಿಟ್ಟರೆ ಒಳಗೆ ರಕ್ತ ಸುಳಿದು ಹೋಗೋದು ಜುಮ್ ಅಂತ ತಾಗುತ್ತೆ. ನನ್ನ ಬೆರಳು ಇಡಿಸಿದ್ದರು. ದಿನಾ ಬೆಳಗ್ಗೆ ಎದ್ದ ಕೂಡಲೇ ಅವರು ಮುಟ್ಟಿ ನೋಡೋದು ಅದನ್ನೇ. ಆ ಮಿಡಿತ ನಿಂತಿದ್ದರೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ಇನ್ನು ಅವರ ಲೆಕ್ಕ ಕೇಳಿ. ಮೊದಲ ವಾರವೇ ಯಂತ್ರದ ಪರದೆ ನೋಡ್ತಾ ಮಾಡಿದ್ದು. ರಕ್ತ ಮೈಯಿಂದ ಹೊರಗೆ ಬರೋದು ನಿಮಿಷಕ್ಕೆ 300 ಮಿಲಿಲೀಟರ್. ನಾಲ್ಕು ಗಂಟೆ ಅಂದರೆ 240 ನಿಮಿಷ. ಗುಣಿಸಿದರೆ 72 ಲೀಟರ್. ಮೈಯಲ್ಲಿ ಇರೋ ರಕ್ತ ಐದು ಲೀಟರ್. ಅಂದರೆ ಒಂದು ಸಂಜೆಯಲ್ಲಿ ಅವರ ಅಷ್ಟೂ ರಕ್ತ ಸುಮಾರು ಹದಿನಾಲ್ಕು ಸಲ ಹೊರಗೆ ಹೋಗಿ ತೊಳೆದು ಬರುತ್ತೆ. ಸರಿಯಾ? ಇನ್ನೊಂದು ಲೆಕ್ಕ. ವಾರಕ್ಕೆ 168 ಗಂಟೆ. ಒಳ್ಳೆ ಕಿಡ್ನಿ ಅಷ್ಟೂ ಗಂಟೆ ದುಡಿಯುತ್ತೆ. ಯಂತ್ರ ದುಡಿಯೋದು ಹನ್ನೆರಡು ಗಂಟೆ. ಹದಿನಾಲ್ಕರಲ್ಲಿ ಒಂದು ಪಾಲು. ಎರಡು ಕಡೆಯೂ ಹದಿನಾಲ್ಕೇ ಬಂತಲ್ಲ ಅಂತ ಅವರಿಗೆ ಆದ ಸಂತೋಷ ನೋಡಬೇಕಿತ್ತು. ರಾತ್ರಿ ಎಂಟು ಗಂಟೆಗೆ, ಸುಸ್ತಾಗಿ ದನಿ ಇಳಿದಿದ್ದರೂ, ಇದನ್ನ ಹೇಳೋಕೇ ನನಗೆ ಫೋನ್ ಮಾಡಿದ್ದರು. ಆಮೇಲೆ ನಿಧಾನಕ್ಕೆ ಅಂದರು: "ಹದಿನಾಲ್ಕರಲ್ಲಿ ಹದಿಮೂರು ಪಾಲು ಕೆಲಸ ಯಾರೂ ಮಾಡ್ತಾ ಇಲ್ಲ ಪಂಡಿತ್ರೇ. ಅದನ್ನ ನಾನು ಊಟದಲ್ಲಿ, ನೀರಿನಲ್ಲಿ ಸರಿದೂಗಿಸಬೇಕು."

ನೀರಿನ ಕಷ್ಟ ದೊಡ್ಡದು. ಒಳಗೆ ಹೋದ ನೀರು ಹೊರಗೆ ಹೋಗೋ ದಾರಿ ಇಲ್ಲ, ಮುಂದಿನ ಡಯಾಲಿಸಿಸ್ ತನಕ ಮೈಯಲ್ಲೇ. ಹೆಚ್ಚಾದರೆ ಶ್ವಾಸಕೋಶಕ್ಕೆ ಇಳಿಯುತ್ತೆ. ಅವರಿಗೆ ಹಾಕಿರೋ ಮಿತಿ ದಿನಕ್ಕೆ ಮುಕ್ಕಾಲು ಲೀಟರ್. ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗೋ ನೀರು ಎಲ್ಲ ಅದರೊಳಗೇ. ಬೆಳಗ್ಗೆ ಒಂದು ಬಾಟಲಿಗೆ ಅಷ್ಟು ನೀರು ಅಳೆದು ತುಂಬಿಸಿಡ್ತಾರೆ. ಕಾಫಿ ಕುಡಿದರೆ ಅಷ್ಟು ನೀರನ್ನ ಬಾಟಲಿಯಿಂದ ಗಿಡಕ್ಕೆ ಸುರೀತಾರೆ. ಸಂಜೆಗೆ ಬಾಟಲಿಯಲ್ಲಿ ಎಷ್ಟು ಉಳಿದಿದೆಯೋ ಅಷ್ಟೇ ಬಾಕಿ. ನಾಲಿಗೆ ಒಣಗಿದರೆ ಒಂದು ಏಲಕ್ಕಿ ಬಾಯಿಗೆ. ನಮ್ಮ ಮಳೆಗಾಲ ಹೇಗಿರುತ್ತೆ ನಿಮಗೆ ಗೊತ್ತಲ್ಲ, ಹಗಲೂ ರಾತ್ರಿ ಹೆಂಚಿನ ಮೇಲೆ ನೀರಿನ ಸದ್ದು. ಅದನ್ನ ಕೇಳ್ತಾ ಬಾಯಾರಿ ಕೂರೋದು. ತರಕಾರಿಯನ್ನ ಅವರ ಹೆಂಡತಿ ಸಣ್ಣಗೆ ಹೆಚ್ಚಿ, ನೀರಿನಲ್ಲಿ ನೆನೆಸಿ, ಬೇಯಿಸಿ, ಆ ನೀರು ಚೆಲ್ಲಿ ಆಮೇಲೆ ಪಲ್ಯ ಮಾಡ್ತಾರೆ. ಪೊಟ್ಯಾಸಿಯಂ ಅರ್ಧಕ್ಕರ್ಧ ಹೋಗುತ್ತೆ, ಜೊತೆಗೆ ರುಚಿಯೂ ಹೋಗುತ್ತೆ. ಆ ತಾಯಿಯ ತಾಳ್ಮೆ ಬಗ್ಗೆ ಬೇರೆ ದಿನ ಕೂತು ಹೇಳಬೇಕು, ಒಂದು ಮಾತಿಗೆ ಮುಗಿಯೋದಲ್ಲ.

ನಮ್ಮ ತಾಲ್ಲೂಕು ಆಸ್ಪತ್ರೆಗೆ ಈ ಯಂತ್ರಗಳು ಬಂದಿದ್ದು ದೊಡ್ಡ ಪುಣ್ಯ ಅಕ್ಕಾ. 2016ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಅಂತ ಯೋಜನೆ ತಂತು. ನಮ್ಮಲ್ಲಿ ತಾಲ್ಲೂಕಿಗೂ ಬಂತು. ಇಲ್ಲದಿದ್ದರೆ ವಾರಕ್ಕೆ ಮೂರು ಸಲ ಶಿವಮೊಗ್ಗಕ್ಕೆ ಹೋಗಿ ಬರೋದರಲ್ಲೇ ಮನುಷ್ಯ ಮುಗಿದುಹೋಗ್ತಿದ್ದ. ಅಲ್ಲಿ ಸೂಜಿ ಚುಚ್ಚೋ ಟೆಕ್ನಿಷಿಯನ್ ಹುಡುಗ ಯಾರು ಅಂತೀರಿ? ನಮ್ಮ ಶಾಲೆಯವನೇ. ಗಣಿತದಲ್ಲಿ ಫೇಲಾಗಿ ಸಪ್ಲಿಮೆಂಟರಿಯಲ್ಲಿ ಪಾಸಾದವನು. ಆವರಣದ ಹೊರಗಿನ ಮೈನಸ್ ಅಂದೆನಲ್ಲ, ಅವನೇ. ಈಗ ಪ್ರತಿ ರೋಗಿಯ ತೂಕದಿಂದ ಒಣ ತೂಕ ಕಳೆದು, ಎಷ್ಟು ನೀರು ತೆಗೀಬೇಕು ಅಂತ ಯಂತ್ರಕ್ಕೆ ಹೇಳೋದು ಅವನ ಕೆಲಸ. ಒಣ ತೂಕ ಅಂದರೆ ಮೈಯಲ್ಲಿ ಹೆಚ್ಚುವರಿ ನೀರು ಇಲ್ಲದಾಗಿನ ತೂಕ. ಮೇಷ್ಟ್ರು ಹಳೇ ಲೆಡ್ಜರ್ ಹುಡುಕಿ ಅವನ ಪುಟ ತೆಗೆದುಕೊಂಡು ಹೋಗಿ ತೋರಿಸಿದರಂತೆ. ಗೆರೆ ಎಳೆದು ತಾರೀಖು ಹಾಕಿರೋದನ್ನ. ಹುಡುಗ ಅದರ ಫೋಟೋ ತೆಗೆದುಕೊಂಡು ಫೋನಿನಲ್ಲಿ ಇಟ್ಟುಕೊಂಡಿದ್ದಾನೆ.

ಅವನ ಕೈಯಿಂದಲೇ ಅವಧಿ ಮುಗಿದ, ಬಳಸದೆ ಉಳಿದ ಒಂದು ಡಯಲೈಸರ್ ಇಸಕೊಂಡು ಬಂದರು. ಮೊಳಕ್ಕಿಂತ ಕಮ್ಮಿ ಉದ್ದದ ಪ್ಲಾಸ್ಟಿಕ್ ಕೊಳವೆ. ರಕ್ತ ಸೋಸೋದು ಅದೇ. ಹತ್ತನೇ ಕ್ಲಾಸಿನಲ್ಲಿ ಮೇಜಿನ ಮೇಲಿಟ್ಟು ಮಕ್ಕಳ ಎದುರಿಗೆ ಗರಗಸದಿಂದ ಕುಯ್ಯಿಸಿದರು. ಒಳಗೆ ಬೆಳ್ಳಗೆ, ಕೂದಲಿಗಿಂತ ದಪ್ಪದ ಎಳೆಗಳು ಒತ್ತಾಗಿ ತುಂಬಿದ್ದವು. ಪ್ರತಿ ಎಳೆಯೂ ಟೊಳ್ಳು. ಎಳೆಯ ಒಳಗೆ ರಕ್ತ ಒಂದು ದಿಕ್ಕಿಗೆ ಹರಿಯುತ್ತೆ, ಹೊರಗೆ ಶುದ್ಧಮಾಡಿದ ದ್ರಾವಣ ಎದುರು ದಿಕ್ಕಿಗೆ. ಎಳೆಯ ಗೋಡೆಯಲ್ಲಿರೋ ಸೂಕ್ಷ್ಮ ರಂಧ್ರಗಳಿಂದ ಕಲ್ಮಷ ಆಚೆ ಹೋಗುತ್ತೆ, ರಕ್ತಕಣ ಹೋಗಲ್ಲ. ಒಂದು ಸಂಜೆಗೆ ಆ ದ್ರಾವಣವೇ 120 ಲೀಟರ್ ಬೇಕು. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದರು: ಒಂದು ಎಳೆಯ ಒಳವ್ಯಾಸ 0.2 ಮಿಲಿಮೀಟರ್, ಉದ್ದ 25 ಸೆಂಟಿಮೀಟರ್, ಎಳೆಗಳ ಸಂಖ್ಯೆ 10,000. ಒಟ್ಟು ವಕ್ರ ಮೇಲ್ಮೈ ವಿಸ್ತೀರ್ಣ ಎಷ್ಟು? ಸಿಲಿಂಡರಿನ ಪಾಠ. ನಾನು ಕೋಣೆಯ ಹಿಂದೆ ನಿಂತು ನೋಡ್ತಿದ್ದೆ. ಒಬ್ಬಳು ಹುಡುಗಿ ಮಿಲಿಮೀಟರನ್ನ ಸೆಂಟಿಮೀಟರಿಗೆ ತರೋದು ಮರೆತಳು, ಅವರು ಅವಳ ಪಕ್ಕ ಹೋಗಿ ನಿಂತರು, ಏನೂ ಹೇಳಲಿಲ್ಲ, ಬೆರಳಿಂದ 'ಮಿ.ಮೀ.' ಅನ್ನೋದನ್ನ ಮುಟ್ಟಿದರು ಅಷ್ಟೆ. ಅವಳು ಅಳಿಸಿ ತಿದ್ದಿದಳು. ಒಂದು ಎಳೆಗೆ 1.57 ಚದರ ಸೆಂಟಿಮೀಟರ್. ಹತ್ತು ಸಾವಿರಕ್ಕೆ 15,700. ಚದರ ಮೀಟರಿಗೆ ತಂದರೆ 1.57. ಒಬ್ಬರು ಮಲಗೋ ಚಾಪೆಯಷ್ಟು ಜಾಗ, ಆ ಸಣ್ಣ ಕೊಳವೆಯೊಳಗೆ ಮಡಚಿಟ್ಟಿದೆ. ಮಕ್ಕಳು ಸುಮ್ಮನಾದರು. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ, "ಸಾರ್, ಇದು ನೋಯುತ್ತಾ?" "ಸೂಜಿ ಚುಚ್ಚುವಾಗ ನೋಯುತ್ತೆ. ಆಮೇಲೆ ಇಲ್ಲ. ಕೆಲವು ದಿನ ಮೀನಖಂಡ ಹಿಡ್ಕೊಳ್ಳುತ್ತೆ, ಅದು ಬಹಳ ನೋಯುತ್ತೆ" ಅಂದರು. ಹೇಗಿತ್ತೋ ಹಾಗೆ. ಮುಚ್ಚಿಡಲೂ ಇಲ್ಲ, ದೊಡ್ಡದು ಮಾಡಲೂ ಇಲ್ಲ. ಆ ಹುಡುಗನಿಗೆ ಅಷ್ಟೇ ಬೇಕಿತ್ತು. ಮುಂದಿನ ಲೆಕ್ಕಕ್ಕೆ ಹೋದರು.

ಡಯಾಲಿಸಿಸ್‌ಗೆ ಅವರ ಪಕ್ಕದ ಮಂಚಕ್ಕೆ ಒಬ್ಬ ಹೆಂಗಸು ಬರ್ತಾರೆ. ಅಡಿಕೆ ಸುಲಿಯೋ ಕೆಲಸ ಮಾಡ್ತಿದ್ದವರು. ಓದು ಬರಹ ಇಲ್ಲ, ಅಂಕಿಯೂ ಬರಲ್ಲ. ಪ್ರತಿ ಸಲ ಅವರ ತೂಕ ಮೂರು, ನಾಲ್ಕು ಕಿಲೋ ಏರಿ ಬರ್ತಿತ್ತು, ಎಲ್ಲರೂ ಬೈಯೋರು, "ನೀರು ಕಮ್ಮಿ ಕುಡಿ ಅಂದರೆ ಕೇಳಲ್ಲ" ಅಂತ. ಮೇಷ್ಟ್ರು ಬೈಯಲಿಲ್ಲ, ಅವರು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಹುಡುಕಿದರು. ಆ ಹೆಂಗಸು ನೀರು ಕಮ್ಮಿನೇ ಕುಡೀತಿದ್ದರು. ಆದರೆ ಗಂಜಿ ತಿಳಿ, ಚಹಾ, ಸಾರು ನೀರಲ್ಲ ಅಂದುಕೊಂಡಿದ್ದರು. ಜೊತೆಗೆ ಗಂಜಿಗೆ ನೆಂಚಿಕೊಳ್ಳೋಕೆ ಮಿಡಿ ಉಪ್ಪಿನಕಾಯಿ. ಉಪ್ಪು ಹೋದರೆ ಬಾಯಾರದೆ ಇರುತ್ತಾ? ಮೇಷ್ಟ್ರು ಅವರ ಮನೆಯ ಲೋಟ ತರಿಸಿ ಅಳೆದು, ಉಗುರುಬಣ್ಣದಿಂದ ಗುರುತು ಹಾಕಿ, ದಿನಕ್ಕೆ ಈ ಗೆರೆಯ ತನಕ ಮೂರು ಲೋಟ, ಅದು ನೀರಾಗಲಿ ಗಂಜಿಯಾಗಲಿ ಅಂತ ಹೇಳಿಕೊಟ್ಟರು. ಆಮೇಲೆ ಅಂಕಿ. ಒಂದೊಂದು ಸರದಿಗೆ ಎರಡು ಅಂಕಿ. ಒಂದು ಕೈಗೆ ಸೂಜಿ ಚುಚ್ಚಿದೆ, ಇನ್ನೊಂದು ಕೈಯಲ್ಲಿ ಸ್ಲೇಟು. ಈಗ ಆ ತಾಯಿ ತೂಕದ ಯಂತ್ರದ ಮೇಲೆ ನಿಂತು ತಾವೇ ಓದ್ತಾರೆ, ನಲವತ್ತಮೂರು ಮುಕ್ಕಾಲು ಅಂತ. ಬಾಯಲ್ಲೇ ಒಣ ತೂಕ ನಲವತ್ತೆರಡು ಕಳೆದು "ಒಂದೂ ಮುಕ್ಕಾಲು ತೆಗಿ ಮಗಾ" ಅಂತ ಟೆಕ್ನಿಷಿಯನ್ನಿಗೆ ಹೇಳ್ತಾರಂತೆ. ಕಾಯಿಲೆ ಬರೋಕೆ ಮೊದಲು ನಮ್ಮ ಶಾಲೆಯ ಅಡುಗೆ ಸಹಾಯಕಿಗೆ ಬ್ಯಾಂಕಿನ ಚೀಟಿ ತುಂಬೋದು ಕಲಿಸಿದ್ದೂ ಹೀಗೇ. ಅದಕ್ಕೇ ನಾನು ಹೇಳೋದು, ಇದೆಲ್ಲ ಕಾಯಿಲೆ ಕೊಟ್ಟ ಗುಣ ಅಲ್ಲ ಅಂತ.

ಸಂಜೆ ಹೊತ್ತು ಅಲ್ಲಿ ಕಥೆಯೂ ನಡೆಯುತ್ತೆ. ಈ ಯಂತ್ರವನ್ನ ಮೊದಲು ಮಾಡಿದ ವಿಲೆಮ್ ಕೋಲ್ಫ್ ಕಥೆ ಮೇಷ್ಟ್ರ ಬಾಯಲ್ಲೇ ಕೇಳಬೇಕು. ಹಾಲೆಂಡಿನ ಕಾಂಪನ್ ಅನ್ನೋ ಸಣ್ಣ ಊರು, 1943, ಜರ್ಮನ್ ಸೈನ್ಯ ದೇಶವನ್ನೇ ಹಿಡಿದು ಕೂತಿದೆ, ಸಾಮಾನು ಸಿಗಲ್ಲ. ಆ ಡಾಕ್ಟರು ಮಾಂಸ ತುಂಬಿ ಸಾಸೇಜ್ ಮಾಡೋಕೆ ಬಳಸೋ ಸೆಲ್ಲೋಫೇನ್ ಕೊಳವೆಯನ್ನ ಮರದ ಪಟ್ಟಿಗಳ ಪೀಪಾಯಿಗೆ ಸುತ್ತಿ, ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿ ರಕ್ತ ತೊಳೆದರು. ಮೊದಲ ಎರಡು ವರ್ಷ ರೋಗಿಗಳು ಹೆಚ್ಚಿನವರು ಉಳೀಲಿಲ್ಲ. 1945ರಲ್ಲಿ ಪ್ರಜ್ಞೆ ತಪ್ಪಿದ್ದ 67 ವರ್ಷದ ಹೆಂಗಸೊಬ್ಬರು ಕಣ್ಣುಬಿಟ್ಟು ಬದುಕಿಕೊಂಡರು. ಆದರೂ ಅದು ಕೆಲವು ದಿನದ ಚಿಕಿತ್ಸೆಯೇ. ಪ್ರತಿ ಸಲ ಹೊಸ ರಕ್ತನಾಳ ಬೇಕು, ನಾಳಗಳು ಮುಗಿದುಹೋಗೋವು. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಟೆಫ್ಲಾನ್ ಕೊಳವೆಯೊಂದನ್ನ ಕೈಯಲ್ಲೇ ಉಳಿಸೋ ಉಪಾಯ ಕಂಡುಹಿಡಿದರು. ಅದನ್ನ ಮೊದಲು ಹಾಕಿಸಿಕೊಂಡ ಕ್ಲೈಡ್ ಶೀಲ್ಡ್ಸ್ ಕಾರ್ಖಾನೆಯ ಮೆಷಿನಿಸ್ಟ್, ಆಮೇಲೆ ಹನ್ನೊಂದು ವರ್ಷ ಬದುಕಿದರು. ಈಗ ಮೇಷ್ಟ್ರ ಕೈಯಲ್ಲಿರೋ ಥರದ ಫಿಸ್ಟುಲಾ ಬಂದಿದ್ದು 1966ರಲ್ಲಿ. "ನಾವು ಮಲಗಿರೋ ಈ ಮಂಚದ ಹಿಂದೆ ಎಷ್ಟು ಜನರ ತಪ್ಪು, ಎಷ್ಟು ಜನರ ತಿದ್ದುಪಡಿ ಇದೆ ಗೊತ್ತೇನ್ರಪ್ಪಾ" ಅಂತ ಜೊತೆಗೆ ಡಯಾಲಿಸಿಸ್‌ಗೆ ಬರೋ ಆಟೋ ಓಡಿಸೋ ಹುಡುಗನಿಗೂ, ಪಕ್ಕದ ಮಂಚದ ಆ ಹೆಂಗಸಿಗೂ ಹೇಳ್ತಾರೆ. ಊರಲ್ಲಿ ಯಾರೋ ಬಂದು ಬೇರಿನ ಔಷಧಿ ಕೊಡಿಸ್ತೀನಿ ಅಂದರೆ ಅವರನ್ನೂ ಕೂರಿಸಿ ಕೇಳ್ತಾರೆ, ಎಷ್ಟು ಜನಕ್ಕೆ ಕೊಟ್ಟಿದ್ದಾರೆ, ಎಷ್ಟು ಜನಕ್ಕೆ ವಾಸಿಯಾಯ್ತು, ಆಗದವರು ಈಗ ಎಲ್ಲಿದ್ದಾರೆ ಅಂತ. ಉತ್ತರ ಬರಲ್ಲ. ಬಂದವರಿಗೆ ಬೇಜಾರಾಗದ ಹಾಗೆ ಮಾತು ಬೇರೆ ಕಡೆ ತಿರುಗಿಸ್ತಾರೆ.

ಯಾವಾಗಲೂ ಹೀಗೇ ಇರ್ತಾರೆ ಅಂತ ನಾನು ಹೇಳಲ್ಲ. ಶ್ರಾವಣದಲ್ಲಿ ಒಂದು ಗುರುವಾರ ಅವರ ಹೆಂಡತಿ ನನಗೆ ಫೋನ್ ಮಾಡಿದರು, "ಹೋಗಲ್ಲ ಅಂತ ಕೂತಿದ್ದಾರೆ, ಒಂದು ಗಳಿಗೆ ಬನ್ನಿ." ಹೋದೆ. ಒಳಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ಹಿಂದಿನ ಸರದಿಯಲ್ಲಿ ಬಿಪಿ ದಢಕ್ಕನೆ ಇಳಿದು, ಕಣ್ಣು ಕತ್ತಲೆಗಟ್ಟಿ, ವಾಂತಿಯಾಗಿ ಬಹಳ ಸಂಕಟಪಟ್ಟಿದ್ದರು. "ಸಾಕಾಯ್ತು ಪಂಡಿತ್ರೇ" ಅಂದರು, ಅಷ್ಟೇ. ಒಂದು ಸಲ ತಪ್ಪಿಸಿದರೆ ಏನಾಗುತ್ತೆ ಅಂತ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು, ನಾನೇನು ಹೇಳಲಿ? ಪಕ್ಕದಲ್ಲಿ ಕೂತೆ. ಅವರ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಅರ್ಧ ಗಂಟೆ ಇಬ್ಬರೂ ಹಾಗೇ ಕೂತಿದ್ದೆವು. ಆಮೇಲೆ "ಗಂಟೆ ಎಷ್ಟು?" ಅಂದರು. ಮೂರೂಕಾಲು ಅಂದೆ. ಎದ್ದು ಅಂಗಿ ಹಾಕಿಕೊಂಡರು. ಯಾಕೆ ಮನಸ್ಸು ಬದಲಾಯ್ತು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ದಿನದ ಮೇಲೆ ನನಗೆ ಅವರ ಮೇಲಿನ ಗೌರವ ಇನ್ನೂ ಹೆಚ್ಚಾಯ್ತು. ಸಾಕಾಗದೆ ಹೋಗೋದು ಒಂದು, ಸಾಕಾದ ಮೇಲೂ ಹೋಗೋದು ಇನ್ನೊಂದು.

ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಜಗಳ. ಕಸಿ ಮಾಡಿಸಿಕೊಂಡರೆ ಈ ಯಂತ್ರ, ಈ ಬಾಟಲಿ ಲೆಕ್ಕ ಎಲ್ಲ ತಪ್ಪುತ್ತೆ. ನಮ್ಮ ದೇಶದಲ್ಲಿ ವೆಲ್ಲೂರಿನ ಆಸ್ಪತ್ರೆಯಲ್ಲಿ 1971ರಲ್ಲೇ ಕಿಡ್ನಿ ಕಸಿ ಯಶಸ್ವಿಯಾಗಿದೆ. 1994ರ ಕಾಯ್ದೆ ಪ್ರಕಾರ ಹತ್ತಿರದ ಸಂಬಂಧಿಗಳು ಕೊಡಬಹುದು. ಹೆಂಡತಿಗೆ ಸಕ್ಕರೆ ಕಾಯಿಲೆ, ಡಾಕ್ಟರು ಒಪ್ಪಲಿಲ್ಲ. ಮಗಳು ಬೆಂಗಳೂರಿನಲ್ಲಿದ್ದಾಳೆ, ರಕ್ತದ ಗುಂಪು ಹೊಂದುತ್ತೆ, ನಾನು ಕೊಡ್ತೀನಿ ಅಂತ ಕೂತಿದ್ದಾಳೆ. ಇವರು ಸುತರಾಂ ಬೇಡ ಅಂತಾರೆ. ಮದುವೆಯಾಗಿ ಎರಡು ವರ್ಷ, ಇನ್ನೂ ಮಕ್ಕಳಾಗಿಲ್ಲ, ನಾಳೆ ಬಸಿರು ಬಾಣಂತನದಲ್ಲಿ ಅವಳಿಗೆ ತೊಂದರೆ ಆದರೆ ಅಂತ. ಅಂಗದಾನದ 'ಜೀವಸಾರ್ಥಕತೆ'ಯಲ್ಲಿ ಹೆಸರು ನೋಂದಾಯಿಸಿದ್ದಾರೆ. ಮೆದುಳು ನಿಷ್ಕ್ರಿಯರಾದವರ ಕುಟುಂಬದವರು ದಾನ ಮಾಡಿದರೆ ಸರದಿ ಪ್ರಕಾರ ಸಿಗುತ್ತೆ, ಕಾಯ್ತೀನಿ ಅಂತಾರೆ. ಆ ಸರದಿ ವರ್ಷಗಳ ಲೆಕ್ಕ. ಅವರ ಭಯ ಅರ್ಥವಿಲ್ಲದ್ದು ಅಂತ ನಾನು ಅನ್ನಲ್ಲ, ಕಿಡ್ನಿ ಕೊಟ್ಟ ಹೆಂಗಸರಿಗೆ ಬಸಿರಿನಲ್ಲಿ ಬಿಪಿ ಏರೋ ಸಾಧ್ಯತೆ ಹೆಚ್ಚೇ ಇದೆ. ಆದರೆ ಒಂದು ಕಿಡ್ನಿಯಲ್ಲಿ ಆರೋಗ್ಯವಾಗಿ ಬದುಕಿ ಮಕ್ಕಳನ್ನ ಹೆತ್ತವರೂ ಬೇಕಾದಷ್ಟು ಇದ್ದಾರೆ. ಕೊಡೋರನ್ನ ಡಾಕ್ಟರು ಎಷ್ಟೋ ಪರೀಕ್ಷೆ ಮಾಡಿ, ಅವರಿಗೆ ಹಾನಿ ಅನ್ನಿಸಿದರೆ ತಾವೇ ಬೇಡ ಅಂತಾರೆ. ಈ ಮೇಷ್ಟ್ರು ಆ ಮಗುವಿಗೆ ಪರೀಕ್ಷೆ ಮಾಡಿಸಿಕೊಳ್ಳೋಕೂ ಬಿಡ್ತಿಲ್ಲ. ಕ್ಲಾಸಿನಲ್ಲಿ ಎಂಥ ಮಗು ಎಂಥ ಪ್ರಶ್ನೆ ಕೇಳಿದರೂ ತಡೆಯದ ಮನುಷ್ಯ, ಮನೆಯಲ್ಲಿ ಮಗಳ ಪ್ರಶ್ನೆಯನ್ನ ಬಾಯಿ ತೆಗೆಯೋಕೆ ಮೊದಲೇ ಮುಚ್ಚಿಸ್ತಾರೆ. ಇದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಭಾನುವಾರ ಮಗಳು ಬರ್ತಾಳಂತೆ. ನಾನೂ ಹೋಗ್ತೀನಿ. ಅವಳ ಎದುರಿಗೇ ಹೇಳ್ತೀನಿ: ಬಿಂದು ಎಲ್ಲಿ ಬೀಳುತ್ತೋ ಮೊದಲು ನೋಡೋಣ ಮಾರಾಯ್ರೇ, ಪರೀಕ್ಷೆ ಆಗಲಿ, ಬೇಡ ಅನ್ನೋದಿದ್ದರೆ ಡಾಕ್ಟರು ಅನ್ನಲಿ ಅಂತ. ಅವರಿಗೆ ಸಿಟ್ಟು ಬರುತ್ತೆ. ಬರಲಿ. ಸೋಮವಾರ ಸ್ಟಾಫ್ ರೂಮಿನಲ್ಲಿ ನನ್ನ ಹತ್ತಿರ ಮಾತಾಡದೆ ಕೂತರೂ ಚಿಂತೆಯಿಲ್ಲ. ಮಂಗಳವಾರ ಊಟದ ಬೆಲ್ ಆದ ಮೇಲೆ ಅವರ ಪೀರಿಯಡ್ ನನಗೇ ಕೊಟ್ಟು ಹೋಗಬೇಕಲ್ಲ.